ಸೈಕಲ್ಲಿಗೆ ಸರಳ ಗೇರ್ ಆಯ್ದುಕೊಳ್ಳುವುದು: ಲೆಕ್ಕದಿಂದ ಜೋಡಣೆಯವರೆಗೆ

ಗೇರ್ ಸೈಕಲ್ಲು ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಎಷ್ಟು ಗೇರಿದೆ?’ ಎಂದು. ಈ ಪ್ರಶ್ನೆಯ ಉತ್ತರದಿಂದ ಸೈಕಲ್ಲಿನ ಬಗ್ಗೆ ತಿಳಿಯುವುದು ಬಹಳ ಕಡಿಮೆ. ಮುಂದೆ ಪೆಡಲಿನ ಬಳಿ 48, 38, 28 ಹಲ್ಲುಗಳ ಮೂರು ಚೈನ್‌ವೀಲ್, ಹಿಂದಿನ ಚಕ್ರಕ್ಕೆ 14, 16, 18, 20, 22, 24, 28 ಹಲ್ಲುಗಳ ಏಳು ಸ್ಪ್ರಾಕೆಟ್ ಇರುವ ಸಾಮಾನ್ಯ ‘21 ಗೇರಿನ’ ಸೈಕಲ್ಲನ್ನೇ ನೋಡಿ. ಅದರಲ್ಲಿ 48ರಿಂದ 24ಕ್ಕೆ ಚೈನು ಹಾಕಿದರೂ 28ರಿಂದ 14ಕ್ಕೆ ಹಾಕಿದರೂ ಅನುಪಾತ ಒಂದೇ, ಸರಿಯಾಗಿ 2. ಹಾಗೆಯೇ 48/28, 38/22, 28/16 ಎಂಬ ಮೂರು ಬೇರೆ ಬೇರೆ ಗೇರುಗಳು 1.71 ಮತ್ತು 1.75ರ ನಡುವೆಯೇ ಬಂದು ಕೂರುತ್ತವೆ. ಕಾಲಿಗೆ ಅವುಗಳ ವ್ಯತ್ಯಾಸ ತಿಳಿಯುವುದೇ ಇಲ್ಲ. ಅತಿ ಹಗುರ ಗೇರಿಗೂ ಅತಿ ಭಾರದ ಗೇರಿಗೂ ನಡುವಿನ ಅಂತರ ಇಲ್ಲಿ 3.43 ಪಟ್ಟು. ಹಿಂದಿನ ಚಕ್ರದ ನಡುವಿನ ಗುಂಬ, ಅಂದರೆ ಹಬ್ಬಿನೊಳಗೇ ಅಡಗಿರುವ ಎಂಟು ಗೇರಿನ ಶಿಮಾನೊ ನೆಕ್ಸಸ್ 3.07 ಪಟ್ಟು ಅಂತರವನ್ನು ಒಂದೇ ಚೈನ್‌ವೀಲ್, ಒಂದೇ ಸ್ಪ್ರಾಕೆಟ್, ಒಂದೇ ಕೇಬಲ್ಲಿನಿಂದ ಕೊಡುತ್ತದೆ.

ಆದ್ದರಿಂದ ಸರಳ ಗೇರ್ ಬೇಕೆನ್ನುವವರು ಗೇರುಗಳನ್ನು ಎಣಿಸುವುದನ್ನು ಬಿಟ್ಟು, ತಮ್ಮ ದಾರಿಯ ಅತಿ ಕಡಿದಾದ ಏರಿಗೆ ಎಷ್ಟು ಹಗುರ ಗೇರ್ ಬೇಕು ಎಂಬುದನ್ನು ಮೊದಲು ಲೆಕ್ಕಹಾಕಿ, ಅಲ್ಲಿಂದ ಮೇಲಕ್ಕೆ ಎಷ್ಟು ವ್ಯಾಪ್ತಿ ಬೇಕು ಎಂದು ನೋಡಿ, ಆ ವ್ಯಾಪ್ತಿಯನ್ನು ಕೊಡುವ ಅತ್ಯಂತ ಸರಳ ವ್ಯವಸ್ಥೆ ಯಾವುದು ಎಂದು ಕೊನೆಗೆ ಕೇಳಬೇಕು. ಹೆಚ್ಚಿನವರು ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ಗೇರಿಲ್ಲದ ಸೈಕಲ್ಲಿನ ಅಂದಕ್ಕೆ ಮನಸೋತು ಅದನ್ನು ತಂದು, ಮೊದಲ ಏರಿನಲ್ಲಿ ಮಂಡಿ ಹಿಡಿದುಕೊಳ್ಳುತ್ತಾರೆ.

ಮೊದಲ ಹೆಜ್ಜೆ: ಮೂರು ಅಳತೆಗಳನ್ನು ತಿಳಿದುಕೊಳ್ಳಿ

ಅನುಪಾತ ಎಂದರೆ ಚೈನ್‌ವೀಲಿನ ಹಲ್ಲುಗಳ ಸಂಖ್ಯೆಯನ್ನು ಸ್ಪ್ರಾಕೆಟ್ಟಿನ ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವ ಅಂಕಿ. 42 ಹಲ್ಲಿನ ಚೈನ್‌ವೀಲ್ ಮತ್ತು 18 ಹಲ್ಲಿನ ಸ್ಪ್ರಾಕೆಟ್ ಇದ್ದರೆ ಅನುಪಾತ 2.33, ಪೆಡಲು ಒಂದು ಸುತ್ತು ಬಂದಾಗ ಹಿಂದಿನ ಚಕ್ರ ಅಷ್ಟು ಸುತ್ತು ತಿರುಗುತ್ತದೆ.

ಚಕ್ರದ ಗಾತ್ರ ಬೇರೆಯಾದರೆ ಇದೇ ಅನುಪಾತದ ಅನುಭವವೂ ಬೇರೆಯಾಗುತ್ತದೆ. ಹಾಗಾಗಿ ಅನುಪಾತವನ್ನು ಚಕ್ರದ ಸುತ್ತಳತೆಯಿಂದ ಗುಣಿಸಿ, ಪೆಡಲಿನ ಒಂದು ಪೂರ್ಣ ಸುತ್ತಿಗೆ ಸೈಕಲ್ಲು ಎಷ್ಟು ಮೀಟರ್ ಮುಂದೆ ಹೋಗುತ್ತದೆ ಎಂದು ತಿಳಿಯುವುದು ಹೆಚ್ಚು ಉಪಯುಕ್ತ. ಇದನ್ನು ಈ ಬರಹದಲ್ಲಿ ‘ಸುತ್ತುದೂರ’ ಎಂದು ಕರೆಯುತ್ತೇನೆ. ಸುತ್ತಳತೆ ತಿಳಿಯಲು ಪುಸ್ತಕ ಹುಡುಕಬೇಕಾಗಿಲ್ಲ. ಟೈರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಸೈಕಲ್ಲಿನ ಮೇಲೆ ಕುಳಿತ ಸ್ಥಿತಿಯಲ್ಲಿಯೇ ನೇರವಾಗಿ ಒಂದು ಸುತ್ತು ಉರುಳಿಸಿ, ನೆಲದ ಮೇಲೆ ಬಿದ್ದ ಎರಡು ಗುರುತುಗಳ ನಡುವಿನ ಅಂತರವನ್ನು ಟೇಪಿನಿಂದ ಅಳೆದರೆ ಸಾಕು. 700×28 ಅಳತೆಯ ಟೈರಿಗೆ ಇದು ಸುಮಾರು 2.14 ಮೀಟರ್ ಬರುತ್ತದೆ. ಅಂದರೆ 42/18 ಗೇರಿನ ಸುತ್ತುದೂರ ಹೆಚ್ಚುಕಡಿಮೆ 5 ಮೀಟರ್. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 24 ಕಿಲೋಮೀಟರ್, 60 ಸುತ್ತು ತುಳಿದರೆ 18 ಕಿಲೋಮೀಟರ್ ವೇಗ ಸಿಗುತ್ತದೆ.

ಹಳಬರ ಮಾತಿನಲ್ಲಿಯೂ ಅಂಗಡಿಯ ಪಟ್ಟಿಗಳಲ್ಲಿಯೂ ‘ಗೇರ್ ಇಂಚು’ ಎಂಬ ಇನ್ನೊಂದು ಅಳತೆ ಸಿಗುತ್ತದೆ. ಅನುಪಾತವನ್ನು ಚಕ್ರದ ವ್ಯಾಸದಿಂದ, ಇಂಚುಗಳಲ್ಲಿ, ಗುಣಿಸಿದರೆ ಅದು ಬರುತ್ತದೆ. ಮುಂದಿನ ಚಕ್ರಕ್ಕೇ ಪೆಡಲು ಕಟ್ಟಿದ್ದ ಎತ್ತರದ ಸೈಕಲ್ಲುಗಳ ಕಾಲದಿಂದ ಉಳಿದುಬಂದ ಲೆಕ್ಕವಿದು. ಚಕ್ರ ಎಷ್ಟು ಇಂಚು ದೊಡ್ಡದೋ ಗೇರು ಅಷ್ಟು ಭಾರ ಎಂಬ ಅರ್ಥ. ವ್ಯಾಸವನ್ನು 27 ಇಂಚು ಎಂದು ಹಿಡಿದರೆ ನಮ್ಮ 42/18 ಎಂಬುದು 63 ಗೇರ್ ಇಂಚು.

ಮೂರನೆಯದು ವ್ಯಾಪ್ತಿ: ಅತಿ ಭಾರದ ಗೇರಿನ ಅನುಪಾತವನ್ನು ಅತಿ ಹಗುರ ಗೇರಿನ ಅನುಪಾತದಿಂದ ಭಾಗಿಸಿದ್ದು.

ಎರಡನೆಯ ಹೆಜ್ಜೆ: ಈಗಿರುವ ಸೈಕಲ್ಲಿನಲ್ಲೇ ಪರೀಕ್ಷೆ ಮಾಡಿ

ನಿಮ್ಮ ಬಳಿ ಅಥವಾ ಸ್ನೇಹಿತರ ಬಳಿ ಗೇರ್ ಸೈಕಲ್ಲು ಇದ್ದರೆ, ಒಂದು ರೂಪಾಯಿಯನ್ನೂ ಖರ್ಚು ಮಾಡದೆ ಅತ್ಯುತ್ತಮ ಮಾಹಿತಿ ಪಡೆಯಬಹುದು. ಮೊದಲ ವಾರ ಎಂದಿನಂತೆ ಓಡಿಸಿ, ಸಪಾಟು ದಾರಿಯಲ್ಲಿ ಯಾವ ಗೇರಿನಲ್ಲಿ ಹೆಚ್ಚು ಹೊತ್ತು ಇರುತ್ತೀರಿ, ಅತಿ ಕಷ್ಟದ ಏರಿನಲ್ಲಿ ಯಾವುದಕ್ಕೆ ಇಳಿಯುತ್ತೀರಿ ಎಂಬ ಎರಡನ್ನೇ ಗಮನಿಸಿ. ಹಲ್ಲುಗಳನ್ನು ಎಣಿಸಿ ಆ ಎರಡರ ಸುತ್ತುದೂರವನ್ನು ಬರೆದಿಟ್ಟುಕೊಳ್ಳಿ. ಎರಡನೆಯ ವಾರ ಸಪಾಟು ದಾರಿಯ ಆ ಗೇರಿಗಿಂತ ಒಂದು ಹಂತ ಹಗುರವಾದುದರಲ್ಲಿ ಸೈಕಲ್ಲನ್ನು ನಿಲ್ಲಿಸಿ, ಗೇರ್ ಬದಲಿಸುವ ಗುಂಡಿಯನ್ನು ಮುಟ್ಟದೆ ಅದೇ ದಾರಿಯಲ್ಲಿ ಓಡಾಡಿ. ಎದುರುಗಾಳಿ ಇರುವ ದಿನ, ಸಾಮಾನು ಹೇರಿಕೊಂಡ ದಿನ, ನಿದ್ದೆಗೆಟ್ಟ ದಿನ ಇವೆಲ್ಲ ಪರೀಕ್ಷೆಯಲ್ಲಿ ಸೇರಬೇಕು. ಉತ್ಸಾಹದಲ್ಲಿರುವ ರಜಾದಿನದ ಬೆಳಗಿನ ಅನುಭವವನ್ನು ನಂಬಿ ಗೇರ್ ಆರಿಸಿದವರು ಸಾಮಾನ್ಯವಾಗಿ ಭಾರದ ಕಡೆಗೇ ತಪ್ಪುತ್ತಾರೆ.

ಈ ಎರಡು ವಾರದಲ್ಲಿ ಗುಂಡಿ ಮುಟ್ಟಬೇಕೆಂದು ಅನ್ನಿಸಿದ ಸಂದರ್ಭಗಳು ಬೆರಳೆಣಿಕೆಯಷ್ಟಿದ್ದರೆ ಒಂದೇ ಗೇರಿನ ಸೈಕಲ್ಲು ನಿಮಗೆ ಒಗ್ಗುತ್ತದೆ. ಪ್ರತಿದಿನವೂ ಒಂದೇ ಏರಿನಲ್ಲಿ ಹಾಗೆ ಅನ್ನಿಸಿದ್ದರೆ ಎರಡು ಅಥವಾ ಮೂರು ಗೇರು ಸಾಕಾಗಬಹುದು. ದಾರಿಯುದ್ದಕ್ಕೂ ಅನ್ನಿಸುತ್ತಲೇ ಇದ್ದರೆ ಮುಂದಿನ ಲೆಕ್ಕ ನಿಮಗೆ ಅಗತ್ಯ.

ಮೂರನೆಯ ಹೆಜ್ಜೆ: ಅತಿ ಹಗುರ ಗೇರನ್ನು ಲೆಕ್ಕದಿಂದ ನಿರ್ಧರಿಸಿ

ಸವಾರ, ಸೈಕಲ್ಲು, ಸಾಮಾನು ಎಲ್ಲ ಸೇರಿ 85 ಕಿಲೋ ಎಂದಿಟ್ಟುಕೊಳ್ಳೋಣ. ದಾರಿಯಲ್ಲಿ ನೂರು ಮೀಟರಿಗೆ ಐದು ಮೀಟರ್ ಏರುವ, ಅಂದರೆ ಶೇಕಡ 5ರ ಏರು ಇದೆ. ಆ ಏರಿನಲ್ಲಿ ಭೂಮಿಯ ಸೆಳೆತ ಹಿಂದಕ್ಕೆ ಎಳೆಯುವ ಬಲ ಸುಮಾರು 42 ನ್ಯೂಟನ್. ಟೈರು ಉರುಳುವಾಗಿನ ತಡೆ ಮತ್ತು ನಿಧಾನಗತಿಯಲ್ಲಿ ಎದುರಾಗುವ ಗಾಳಿ ಸೇರಿದರೆ ಒಟ್ಟು 50ರ ಆಸುಪಾಸು. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಏರಲು ಇದಕ್ಕೆ ಸುಮಾರು 140 ವಾಟ್ ಶಕ್ತಿ ಬೇಕು. ಅಭ್ಯಾಸವಿರುವ ಸಾಮಾನ್ಯ ಸವಾರರಿಗೆ ಇದು ಏದುಸಿರು ಬರಿಸಿದರೂ ಕೈಗೆ ಎಟುಕುವ ಮಟ್ಟ.

ಶಕ್ತಿ ಇದ್ದರೂ ಅದನ್ನು ಯಾವ ಲಯದಲ್ಲಿ ಕೊಡುತ್ತೇವೆ ಎಂಬುದರ ಮೇಲೆ ಮಂಡಿಯ ಸುಖದುಃಖ ನಿಂತಿದೆ. ಏರಿನಲ್ಲಿ ನಿಮಿಷಕ್ಕೆ 60 ಸುತ್ತು ಇದ್ದರೆ ಕುಳಿತೇ ತುಳಿಯಬಹುದು. 45–50 ಇದ್ದರೆ ಸ್ವಲ್ಪ ಹೊತ್ತು ತಾಳಬಹುದು. 40ಕ್ಕಿಂತ ಕೆಳಗಿಳಿದರೆ ಎದ್ದು ನಿಂತು ಮೈಭಾರ ಹಾಕಲೇಬೇಕು. ಗಂಟೆಗೆ 10 ಕಿಲೋಮೀಟರ್ ಎಂದರೆ ನಿಮಿಷಕ್ಕೆ 167 ಮೀಟರ್. ಇದನ್ನು 60ರಿಂದ ಭಾಗಿಸಿದರೆ ಬೇಕಾದ ಸುತ್ತುದೂರ 2.8 ಮೀಟರ್ ಎಂದು ತಿಳಿಯುತ್ತದೆ. ನಮ್ಮ 5 ಮೀಟರಿನ 42/18 ಗೇರಿನಲ್ಲಿ ಇದೇ ಏರನ್ನು ಇದೇ ವೇಗದಲ್ಲಿ ಏರಿದರೆ ಪೆಡಲು ನಿಮಿಷಕ್ಕೆ 33 ಸುತ್ತು ಮಾತ್ರ ತಿರುಗುತ್ತದೆ. ಇನ್ನೂರು ಮೀಟರ್ ಉದ್ದದ ಏರಾದರೆ ಎದ್ದು ನಿಂತು ದಾಟಿಬಿಡಬಹುದು. ಎರಡು ಕಿಲೋಮೀಟರ್ ಉದ್ದದ ಏರಾದರೆ ಆ ಸೈಕಲ್ಲು ಒಂದೆರಡು ತಿಂಗಳಲ್ಲಿ ಮೂಲೆ ಸೇರುವುದು ಬಹುಮಟ್ಟಿಗೆ ಖಚಿತ.

ಶೇಕಡ 10ರ ಏರಿನ ಲೆಕ್ಕ ಇನ್ನೂ ಕುತೂಹಲಕರ. ಅದೇ 140 ವಾಟ್ ಶಕ್ತಿಗೆ ಅಲ್ಲಿ ಸಿಗುವ ವೇಗ ಗಂಟೆಗೆ ಸುಮಾರು ಐದೂವರೆ ಕಿಲೋಮೀಟರ್. ಅದನ್ನು 60 ಸುತ್ತಿನ ಲಯದಲ್ಲಿ ಏರಲು ಬೇಕಾದ ಸುತ್ತುದೂರ ಒಂದೂವರೆ ಮೀಟರ್. ಸರಳ ಗೇರುಗಳಲ್ಲಿ ಇಷ್ಟು ಹಗುರವಾದುದು ಸುಲಭಕ್ಕೆ ಸಿಗುವುದಿಲ್ಲ. ಆದರೆ ಐದೂವರೆ ಕಿಲೋಮೀಟರ್ ಎಂದರೆ ಬಿರುಸಿನ ನಡಿಗೆಯ ವೇಗವಷ್ಟೇ. ದಾರಿಯಲ್ಲಿ ಇಂಥದ್ದೊಂದು ಚಿಕ್ಕ ಏರಿದ್ದರೆ ಇಳಿದು ತಳ್ಳಿಕೊಂಡು ಹೋಗುವುದನ್ನು ಯೋಜನೆಯ ಭಾಗವಾಗಿಯೇ ಸೇರಿಸಿಕೊಳ್ಳಬಹುದು. ಅದಕ್ಕೆ ನಾಚಬೇಕಾದುದೇನೂ ಇಲ್ಲ, ಅದೊಂದಕ್ಕಾಗಿ ಇಡೀ ವ್ಯವಸ್ಥೆಯನ್ನು ಜಟಿಲಗೊಳಿಸಬೇಕಾಗಿಯೂ ಇಲ್ಲ.

ಭಾರದ ಕಡೆಯ ಮಿತಿಯ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳಬೇಡಿ. ಇಳಿಜಾರಿನಲ್ಲಿ ತುಳಿಯದೆ ಸುಮ್ಮನೆ ಉರುಳಬಹುದು. ದಿನಬಳಕೆಗೆ 6 ಮೀಟರಿನ ಸುತ್ತುದೂರ ಸಾಕು. 80 ಸುತ್ತಿನಲ್ಲಿ ಅದು ಗಂಟೆಗೆ 29 ಕಿಲೋಮೀಟರ್ ಕೊಡುತ್ತದೆ.

ನಾಲ್ಕನೆಯ ಹೆಜ್ಜೆ: ವ್ಯವಸ್ಥೆಯನ್ನು ಆರಿಸಿ

ಒಂದೇ ಗೇರು, ಫ್ರೀವೀಲಿನೊಂದಿಗೆ (ತುಳಿಯದಿದ್ದಾಗಲೂ ಚಕ್ರ ಉರುಳಲು ಬಿಡುವ ಭಾಗವೇ ಫ್ರೀವೀಲ್). ಸಪಾಟು ದಾರಿಗೆ ಇದನ್ನು ಮೀರಿಸುವಂಥದ್ದಿಲ್ಲ. ಚೈನು ನೇರ ಸಾಲಿನಲ್ಲಿ ಓಡುವುದರಿಂದ ಶಕ್ತಿ ವ್ಯರ್ಥವಾಗುವುದು ಕಡಿಮೆ, ಸವೆತ ನಿಧಾನ, ತೊಳೆಯುವುದು ಸುಲಭ. ದಿನಬಳಕೆಗೆ 4.7ರಿಂದ 5.3 ಮೀಟರಿನ ನಡುವಿನ ಸುತ್ತುದೂರದಿಂದ ಆರಂಭಿಸುವುದು ಕ್ಷೇಮ. ಹೊಸದಾಗಿ ಬರುವ ಒಂದೇ ಗೇರಿನ ಸೈಕಲ್ಲುಗಳಲ್ಲಿ ಕಾಣುವ 46/16ರಂಥ ಜೋಡಿ 6 ಮೀಟರನ್ನೂ ದಾಟುತ್ತದೆ. ಅಂಗಡಿಯ ಮುಂದೆ ಒಂದು ಸುತ್ತು ಹೊಡೆದಾಗ ಅದು ಚುರುಕಾಗಿ ಕಂಡರೂ ಎದುರುಗಾಳಿಯಲ್ಲಿ ಗೋಳುಹೊಯ್ದುಕೊಳ್ಳುತ್ತದೆ. ಅನುಮಾನವಿದ್ದರೆ ಹಗುರದ ಕಡೆಗೇ ವಾಲಿ. ಹಿಂದಿನ ಫ್ರೀವೀಲನ್ನು 16ರಿಂದ 18ಕ್ಕೆ ಬದಲಿಸುವುದು ಅಗ್ಗದ, ಹತ್ತು ನಿಮಿಷದ ಕೆಲಸ.

ಫಿಕ್ಸೆಡ್ ಗೇರು. ಇಲ್ಲಿ ಫ್ರೀವೀಲೇ ಇಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತದೆ. ಇಳಿಜಾರಿನಲ್ಲಿ ಉರುಳುವ ಸುಖವಿಲ್ಲವಾದ್ದರಿಂದ ಮೇಲೆ ಹೇಳಿದ ‘ಭಾರದ ಮಿತಿ’ ಇಲ್ಲಿ ತಿರುಗಿಬೀಳುತ್ತದೆ. ಏರಿಗೆಂದು ಹಗುರ ಗೇರ್ ಹಾಕಿಕೊಂಡರೆ ಇಳಿಜಾರಿನಲ್ಲಿ ಕಾಲು ನಿಮಿಷಕ್ಕೆ 130–140 ಸುತ್ತು ತಿರುಗಬೇಕಾಗುತ್ತದೆ. ಮುಂದಿನ ಬ್ರೇಕಿಲ್ಲದೆ ಇದನ್ನು ರಸ್ತೆಗೆ ತರಬೇಡಿ. ಕಾಲಿನಿಂದ ಹಿಂದಿನ ಚಕ್ರವನ್ನು ತಡೆಯುವುದು ಬ್ರೇಕಿಗೆ ಬದಲಿಯಲ್ಲ. ಹಿಂದಿನ ಚಕ್ರವನ್ನು ಜಾರಿಸಿ ನಿಲ್ಲಿಸುವ ಅಭ್ಯಾಸವಿರುವವರು ಅನುಪಾತದ ಇನ್ನೊಂದು ಗುಣವನ್ನು ನೋಡಬೇಕು. 48/16 ಎಂಬುದು ಸರಳಗೊಂಡಾಗ 3/1 ಆಗುವುದರಿಂದ, ಒಂದೇ ಕಾಲನ್ನು ಮುಂದಿಟ್ಟು ಜಾರಿಸುವವರ ಟೈರು ಪ್ರತಿಸಲವೂ ಒಂದೇ ಜಾಗದಲ್ಲಿ ಸವೆಯುತ್ತದೆ. 47/17ರಲ್ಲಿ ಅದೇ ಸವೆತ 17 ಜಾಗಗಳಿಗೆ ಹಂಚಿಹೋಗುತ್ತದೆ.

ಕೈಯಿಂದ ಬದಲಿಸುವ ಎರಡು ಗೇರು. ಇದನ್ನು ಈಗ ಬಹುತೇಕರು ಮರೆತಿದ್ದಾರೆ, ಆದರೆ ಬುದ್ಧಿವಂತ ಉಪಾಯ. ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ ಚೈನು ಸರಿಸುವ ಡಿರೈಲರಿಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಅದಕ್ಕೂ ಮೊದಲು ಸ್ಪರ್ಧಿಗಳು ಹಿಂದಿನ ಚಕ್ರದ ಎರಡೂ ಬದಿಗೆ ಬೇರೆ ಬೇರೆ ಸ್ಪ್ರಾಕೆಟ್ ಹಾಕಿಕೊಂಡು, ಬೆಟ್ಟದ ಬುಡದಲ್ಲಿ ಇಳಿದು ಚಕ್ರವನ್ನು ತಿರುಗಿಸಿ ಹಾಕಿಕೊಳ್ಳುತ್ತಿದ್ದರು. ಇವತ್ತೂ ಅಂಥ ಹಬ್ಬುಗಳು ಸಿಗುತ್ತವೆ. ಇನ್ನೊಂದು ದಾರಿಯಲ್ಲಿ ಮುಂದೆ ಎರಡು, ಹಿಂದೆ ಎರಡು ಹಲ್ಲುಚಕ್ರ ಹಾಕಿ ಚೈನನ್ನು ಕೈಯಿಂದ ಸರಿಸುತ್ತಾರೆ. ಇಲ್ಲಿನ ಗುಟ್ಟು ಎರಡು ಜೋಡಿಗಳ ಹಲ್ಲುಗಳ ಮೊತ್ತ ಒಂದೇ ಇರುವುದರಲ್ಲಿದೆ. 42/18ರ ಮೊತ್ತ 60, 38/22ರ ಮೊತ್ತವೂ 60. ಆದ್ದರಿಂದ ಚೈನಿನ ಉದ್ದ ಬಹುತೇಕ ಬದಲಾಗದೆಯೇ ಸುತ್ತುದೂರ 5ರಿಂದ 3.7 ಮೀಟರಿಗೆ ಇಳಿಯುತ್ತದೆ. ವಾರಾಂತ್ಯದ ಬೆಟ್ಟದ ದಾರಿಗೊಂದು, ವಾರದ ದಿನಗಳ ದಾರಿಗೊಂದು ಎಂದು ಬಳಸುವವರಿಗೆ ಇದು ಸೊಗಸಾಗಿದೆ. ಪೆಡಲನ್ನು ಹಿಂದಕ್ಕೆ ಒತ್ತಿದರೆ ಗೇರ್ ಬದಲಾಗುವ ಎರಡು ಗೇರಿನ ಹಬ್ಬುಗಳೂ ಇವೆ; ಅವಕ್ಕೆ ಕೇಬಲ್ಲೇ ಬೇಡ, ವ್ಯಾಪ್ತಿ ಸುಮಾರು 1.38 ಪಟ್ಟು.

ಮೂರು ಗೇರಿನ ಹಬ್ಬು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 20ನೇ ಶತಮಾನದ ಆರಂಭದಲ್ಲಿ ಹುಟ್ಟಿದ ಸ್ಟರ್ಮೀ-ಆರ್ಚರ್ ಹಬ್ಬು ಈ ವರ್ಗದ ಹಿರಿಯ. 1930ರ ದಶಕದಿಂದ ಬಂದ ಅದರ ಎಡಬ್ಲ್ಯು ಮಾದರಿಯ ಒಳಗೆ 20 ಹಲ್ಲಿನ ಸೂರ್ಯಚಕ್ರ ನಡುವಿನ ಅಚ್ಚಿಗೆ ಕಚ್ಚಿಕೊಂಡು ನಿಂತಿರುತ್ತದೆ. ಅದರ ಸುತ್ತ 20 ಹಲ್ಲಿನ ಗ್ರಹಚಕ್ರಗಳು, ಅವುಗಳನ್ನು ಸುತ್ತುವರಿದು ಒಳಮುಖದಲ್ಲಿ 60 ಹಲ್ಲಿರುವ ಉಂಗುರಚಕ್ರ. ಸ್ಪ್ರಾಕೆಟ್ಟು ಗ್ರಹಗಳ ಪಂಜರವನ್ನು ತಿರುಗಿಸಿ, ಉಂಗುರವು ಸೈಕಲ್ಲಿನ ಹಿಂದಿನ ಚಕ್ರವನ್ನು ಓಡಿಸಿದರೆ 4/3 ವೇಗ. ಸ್ಪ್ರಾಕೆಟ್ಟು ಉಂಗುರವನ್ನು ತಿರುಗಿಸಿ, ಪಂಜರವು ಹಿಂದಿನ ಚಕ್ರವನ್ನು ಓಡಿಸಿದರೆ 3/4 ವೇಗ. ನಡುವಿನ ಗೇರಿನಲ್ಲಿ ನೇರ ಚಾಲನೆ. ಇಷ್ಟು ಕಡಿಮೆ ಬಿಡಿಭಾಗಗಳಿಂದ ಇಷ್ಟು ಕೆಲಸ ತೆಗೆಯುವ ಯಂತ್ರ ಸೈಕಲ್ಲಿನಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಈ ಹಬ್ಬಿನ ದೂರುಗಳಲ್ಲಿ ಹೆಚ್ಚಿನವು ಹಬ್ಬಿನ ತಪ್ಪಲ್ಲ, ಅದಕ್ಕೆ ಹಾಕಿದ ಸ್ಪ್ರಾಕೆಟ್ಟಿನ ತಪ್ಪು. 46 ಹಲ್ಲಿನ ಚೈನ್‌ವೀಲಿಗೆ 18ರ ಸ್ಪ್ರಾಕೆಟ್ ಹಾಕಿದರೆ ಮೂರು ಗೇರುಗಳ ಸುತ್ತುದೂರ ಕ್ರಮವಾಗಿ 4.1, 5.5, 7.3 ಮೀಟರ್. ಮೂರನೆಯದನ್ನು 80 ಸುತ್ತಿನಲ್ಲಿ ತುಳಿಯಬೇಕಾದರೆ ಗಂಟೆಗೆ 35 ಕಿಲೋಮೀಟರ್ ವೇಗವಿರಬೇಕು. ದಿನಬಳಕೆಯ ಸವಾರರಿಗೆ ಅದು ಇದ್ದೂ ಇಲ್ಲದಂತೆ. ಸ್ಪ್ರಾಕೆಟ್ಟನ್ನು 22ಕ್ಕೆ ಬದಲಿಸಿದರೆ ಅವು 3.4, 4.5, 6 ಮೀಟರ್ ಆಗಿ ಮೂರೂ ಬಳಕೆಗೆ ಬರುತ್ತವೆ. ನಮ್ಮ ಶೇಕಡ 5ರ ಏರಿನಲ್ಲಿ ಪೆಡಲಿನ ಲಯ, ಒಂದೇ ಗೇರಿನ 42/18ರಲ್ಲಿದ್ದ 33ರಿಂದ 50ಕ್ಕೆ ಏರುತ್ತದೆ. ನಡುವಿನ ಗೇರು ನೇರ ಚಾಲನೆಯದು, ಶಕ್ತಿನಷ್ಟ ಅತಿ ಕಡಿಮೆ ಇರುವಂಥದ್ದು. ಆದ್ದರಿಂದ ಸಪಾಟು ದಾರಿಯ ನಿಮ್ಮ ಮೆಚ್ಚಿನ ಗೇರು ಅದೇ ಆಗುವಂತೆ ಅಥವಾ ಅದಕ್ಕಿಂತ ತುಸು ಭಾರದ್ದಾಗುವಂತೆ ಹೊಂದಿಸುವುದು ಜಾಣತನ. ಎರಡು ಗೇರುಗಳ ನಡುವಿನ ಜಿಗಿತ ಶೇಕಡ 33ರಷ್ಟು ದೊಡ್ಡದು ಎಂಬುದೊಂದು ನಿಜವಾದ ಕೊರತೆ.

ಏಳು, ಎಂಟು ಗೇರಿನ ಹಬ್ಬುಗಳು. ನೆಕ್ಸಸ್ ಏಳರ ವ್ಯಾಪ್ತಿ 2.44, ಎಂಟರದು 3.07 ಪಟ್ಟು. 42/20 ಜೋಡಿಗೆ ಎಂಟು ಗೇರಿನ ಹಬ್ಬು ಹಾಕಿದರೆ ಸುತ್ತುದೂರ 2.4ರಿಂದ 7.3 ಮೀಟರ್‌ವರೆಗೆ ಹರಡುತ್ತದೆ. ಅದೇ ಏರಿನಲ್ಲಿ ಲಯ 70. ನಿಂತಲ್ಲೇ ಗೇರ್ ಬದಲಿಸಬಹುದಾದ್ದರಿಂದ ಸಿಗ್ನಲ್ಲುಗಳಲ್ಲಿ ನಿಂತು ಹೊರಡುವ ಓಡಾಟಕ್ಕೆ ಇದು ಹೇಳಿಮಾಡಿಸಿದ್ದು. ಭಾರ ಹೆಚ್ಚು, ಪಂಕ್ಚರ್ ಆದಾಗ ಹಿಂದಿನ ಚಕ್ರ ಬಿಚ್ಚುವುದು ತುಸು ಕಿರಿಕಿರಿ, ಒಳಗಿನ ದುರಸ್ತಿ ಎಲ್ಲರ ಕೈಯಲ್ಲಾಗುವುದಿಲ್ಲ. ಇನ್ನೂ ಹಗುರ ಗೇರ್ ಬೇಕೆಂದು ತೀರಾ ದೊಡ್ಡ ಸ್ಪ್ರಾಕೆಟ್ ಹಾಕುವ ಮೊದಲು ತಯಾರಕರು ಹೇಳಿದ ಕನಿಷ್ಠ ಅನುಪಾತವನ್ನು ನೋಡಿ. ಅದಕ್ಕಿಂತ ಕೆಳಗೆ ಹೋದರೆ ಒಳಗಿನ ಹಲ್ಲುಗಳ ಮೇಲೆ ಮಿತಿಮೀರಿದ ತಿರುಚುಬಲ ಬೀಳುತ್ತದೆ. ಹದಿನಾಲ್ಕು ಗೇರು, 5.26 ಪಟ್ಟು ವ್ಯಾಪ್ತಿಯ ರೋಲಾಫ್ ಹಬ್ಬು ಅದ್ಭುತ ಯಂತ್ರವಾದರೂ ಅದರ ಬೆಲೆ ಈ ಬರಹದ ‘ಸರಳ’ದ ಹೊರಗಿದೆ.

ಮುಂದೆ ಒಂದು, ಹಿಂದೆ ಹಲವು. ಮುಂದಿನ ಡಿರೈಲರ್, ಅದರ ಕೇಬಲ್, ಎಡಗೈಯ ಗುಂಡಿ ಇವನ್ನೆಲ್ಲ ತೆಗೆದುಹಾಕಿ ಒಂದೇ ಚೈನ್‌ವೀಲ್ ಉಳಿಸಿಕೊಳ್ಳುವ ಈ ಪದ್ಧತಿ ಬೆಟ್ಟದ ಸೈಕಲ್ಲುಗಳಲ್ಲಿ 2012ರ ನಂತರ ವೇಗವಾಗಿ ಹರಡಿತು. ಚೈನು ಹಾರಿಹೋಗದಂತೆ ಚೈನ್‌ವೀಲಿನ ಹಲ್ಲುಗಳನ್ನು ಒಂದು ದಪ್ಪ, ಒಂದು ತೆಳು ಎಂದು ಪರ್ಯಾಯವಾಗಿ ಮಾಡಿರುತ್ತಾರೆ. ಹಿಂದಿನ ಡಿರೈಲರಿನಲ್ಲಿ ಚೈನು ಕುಣಿಯದಂತೆ ತಡೆಯುವ ಕ್ಲಚ್ ಇರುತ್ತದೆ. 38 ಹಲ್ಲಿನ ಚೈನ್‌ವೀಲಿಗೆ 11–34ರ ಕ್ಯಾಸೆಟ್, ಅಂದರೆ 11ರಿಂದ 34 ಹಲ್ಲಿನವರೆಗಿನ ಸ್ಪ್ರಾಕೆಟ್ಟುಗಳ ಗುಚ್ಛ ಹಾಕಿದರೆ ಸುತ್ತುದೂರ 2.4ರಿಂದ 7.4 ಮೀಟರ್, ಅಂದರೆ ಎಂಟು ಗೇರಿನ ಹಬ್ಬಿನಷ್ಟೇ. 40ರ ಚೈನ್‌ವೀಲಿಗೆ 11–42 ಹಾಕಿದರೆ 2ರಿಂದ 7.8 ಮೀಟರ್. ಸರಳತೆಯ ಕಟ್ಟಾ ಅಭಿಮಾನಿಗಳು ಇದನ್ನು ಸರಳವೆಂದು ಒಪ್ಪುವುದಿಲ್ಲ. ಆದರೆ ಏರುತಗ್ಗಿನ ದಾರಿಯವರಿಗೆ, ಈಗಾಗಲೇ ಮೂರು ಚೈನ್‌ವೀಲಿನ ಸೈಕಲ್ಲು ಇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಇರುವ ಚಕ್ರ, ಇರುವ ಡಿರೈಲರ್ ಹಾಗೆಯೇ ಉಳಿದು ಜಂಜಾಟದ ಅರ್ಧ ಭಾಗ ಕಳಚಿಕೊಳ್ಳುತ್ತದೆ. ಹಳೆಯ ಡಿರೈಲರಿನಲ್ಲಿ ಕ್ಲಚ್ ಇಲ್ಲದಿದ್ದರೆ ಚೈನ್‌ವೀಲಿನ ಮೇಲೊಂದು ಚಿಕ್ಕ ಚೈನ್ ತಡೆ ಹಾಕಿಸಿ.

ಐದನೆಯ ಹೆಜ್ಜೆ: ಫ್ರೇಮು ಒಪ್ಪುತ್ತದೆಯೇ ನೋಡಿ

ಲೆಕ್ಕ ಏನೇ ಹೇಳಿದರೂ ಕೊನೆಯ ಮಾತು ಫ್ರೇಮಿನದು. ಹಿಂದಿನ ಚಕ್ರದ ಅಚ್ಚು ಕೂರುವ ಸೀಳನ್ನು ನೋಡಿ. ಅದು ಅಡ್ಡಲಾಗಿ ಅಥವಾ ಹಿಂದಕ್ಕೆ ತೆರೆದುಕೊಂಡಿದ್ದರೆ ಚಕ್ರವನ್ನು ಹಿಂದೆ ಮುಂದೆ ಸರಿಸಿ ಚೈನನ್ನು ಬಿಗಿಮಾಡಬಹುದು. ಒಂದೇ ಗೇರಿಗೂ ಹಬ್‌ಗೇರಿಗೂ ಇದು ಆದರ್ಶ. ಸೀಳು ನೇರ ಕೆಳಮುಖವಾಗಿದ್ದರೆ ಚಕ್ರ ಸರಿಯುವುದಿಲ್ಲ. ಆಗ ಸ್ಪ್ರಿಂಗಿರುವ ಬಿಗಿತದ ಗಾಲಿ ಹಾಕಬೇಕು. ಆದರೆ ಫಿಕ್ಸೆಡ್ ಗೇರಿಗೂ, ಪೆಡಲನ್ನು ಹಿಂದಕ್ಕೆ ತುಳಿದು ನಿಲ್ಲಿಸುವ ಬ್ರೇಕಿರುವ ಹಬ್ಬಿಗೂ ಈ ಗಾಲಿಯನ್ನು ಎಂದಿಗೂ ಹಾಕಬಾರದು, ಏಕೆಂದರೆ ಅವುಗಳಲ್ಲಿ ಚೈನಿನ ಕೆಳಸಾಲಿಗೂ ಪೂರ್ಣ ಬಲ ಬೀಳುತ್ತದೆ.

ಎರಡು ಸೀಳುಗಳ ಒಳಮುಖಗಳ ನಡುವಿನ ಅಂತರವನ್ನೂ ಅಳೆಯಿರಿ. ಟ್ರ್ಯಾಕ್ ಹಬ್ಬುಗಳಿಗೆ 120, ರಸ್ತೆಯ ಡಿರೈಲರ್ ಸೈಕಲ್ಲುಗಳಿಗೆ 130, ಬೆಟ್ಟದ ಸೈಕಲ್ಲುಗಳಿಗೆ 135 ಮಿಲಿಮೀಟರ್ ಬಹುಕಾಲ ರೂಢಿಯಲ್ಲಿದ್ದ ಅಳತೆಗಳು. ಉಕ್ಕಿನ ಫ್ರೇಮನ್ನು ಬಲ್ಲವರು ಕೆಲವು ಮಿಲಿಮೀಟರ್ ಅಗಲಿಸಿ ಕೊಡುತ್ತಾರೆ. ಅಲ್ಯೂಮಿನಿಯಮ್ ಅಥವಾ ಕಾರ್ಬನ್ ಫ್ರೇಮಿನೊಂದಿಗೆ ಆ ಸಾಹಸ ಬೇಡ. ಚೈನಿನ ಬದಲು ಬೆಲ್ಟ್ ಬೇಕೆನ್ನುವವರ ಫ್ರೇಮಿನಲ್ಲಿ ಬಿಚ್ಚಬಹುದಾದ ಜಾಗವೊಂದು ಇರಲೇಬೇಕು, ಏಕೆಂದರೆ ಬೆಲ್ಟನ್ನು ಚೈನಿನಂತೆ ತುಂಡರಿಸಿ ಜೋಡಿಸಲು ಬರುವುದಿಲ್ಲ.

ಆರನೆಯ ಹೆಜ್ಜೆ: ಜೋಡಿಸಿ, ಹೊಂದಿಸಿ

ಮೊದಲು ಚೈನಿನ ಸಾಲನ್ನು ನೋಡಿ. ಮುಂದೆ, ಸೀಟಿನ ಕೊಳವೆಯ ಮೈಯಿಂದ ಚೈನ್‌ವೀಲಿನ ಹಲ್ಲಿನ ನಡುವಿನವರೆಗೆ ಅಳೆದು ಕೊಳವೆಯ ಅರ್ಧ ವ್ಯಾಸವನ್ನು ಕೂಡಿ. ಹಿಂದೆ, ಸೀಳುಗಳ ನಡುವಿನ ಅಂತರದ ಅರ್ಧದಿಂದ, ಬಲ ಸೀಳಿನ ಒಳಮುಖಕ್ಕೂ ಸ್ಪ್ರಾಕೆಟ್ಟಿನ ನಡುವಿಗೂ ಇರುವ ದೂರವನ್ನು ಕಳೆಯಿರಿ. ಒಂದೇ ಗೇರಿಗೆ ಮತ್ತು ಹಬ್‌ಗೇರಿಗೆ ಈ ಎರಡು ಅಂಕಿಗಳ ವ್ಯತ್ಯಾಸ 2 ಮಿಲಿಮೀಟರಿನೊಳಗಿದ್ದರೆ ಒಳ್ಳೆಯದು. ಹಬ್‌ಗೇರಿನ ಸ್ಪ್ರಾಕೆಟ್ಟು ತಟ್ಟೆಯಂತೆ ತುಸು ಬಾಗಿದ್ದರೆ ಅದನ್ನು ಮಗುಚಿ ಹಾಕುವುದರಿಂದಲೇ ಕೆಲವು ಮಿಲಿಮೀಟರ್ ಸರಿಹೋಗುತ್ತದೆ.

ಚೈನಿನ ಉದ್ದಕ್ಕೆ ಒಂದು ಲೆಕ್ಕ ನೆನಪಿರಲಿ. ಚೈನಿನ ಎರಡು ಪಿನ್ನುಗಳ ನಡುವಿನ ಅಂತರ 12.7 ಮಿಲಿಮೀಟರ್. ಹಲ್ಲಿನ ಸಂಖ್ಯೆ ಒಂದು ಹೆಚ್ಚಾದರೆ ಚಕ್ರದ ಅಚ್ಚು ಸುಮಾರು 3 ಮಿಲಿಮೀಟರ್ ಮುಂದೆ ಬರಬೇಕಾಗುತ್ತದೆ. ಆದ್ದರಿಂದ ಸೀಳಿನ ಉದ್ದ ನೋಡಿಕೊಂಡು, ಅಚ್ಚು ಸೀಳಿನ ನಡುಭಾಗದಲ್ಲಿ ನಿಲ್ಲುವಂತೆ ಚೈನನ್ನು ಕತ್ತರಿಸಿದರೆ ಮುಂದೆ ಒಂದೆರಡು ಹಲ್ಲು ಹೆಚ್ಚುಕಡಿಮೆ ಮಾಡಿ ನೋಡುವ ಸ್ವಾತಂತ್ರ್ಯ ಉಳಿಯುತ್ತದೆ.

ಬಿಗಿತ ನೋಡುವಾಗ ಪೆಡಲನ್ನು ನಿಧಾನವಾಗಿ ಪೂರ್ತಿ ತಿರುಗಿಸಿ. ಚೈನ್‌ವೀಲ್ ಎಂದೂ ಪರಿಪೂರ್ಣ ವೃತ್ತವಾಗಿರುವುದಿಲ್ಲವಾದ್ದರಿಂದ ಚೈನು ಒಂದು ಕಡೆ ಬಿಗಿಯಾಗಿ, ಇನ್ನೊಂದು ಕಡೆ ಸಡಿಲವಾಗಿ ಕಾಣುತ್ತದೆ. ಅತಿ ಬಿಗಿಯಾದ ಜಾಗದಲ್ಲಿ ಚೈನಿನ ನಡುಭಾಗ ಮೇಲೆ ಕೆಳಗೆ ಸುಮಾರು ಒಂದು ಸೆಂಟಿಮೀಟರ್ ಆಡುವಂತಿರಲಿ. ತಂತಿಯಂತೆ ಬಿಗಿದ ಚೈನು ಬೇರಿಂಗುಗಳನ್ನು ತಿನ್ನುತ್ತದೆ.

ಹಬ್‌ಗೇರಿನ ಅಚ್ಚು ತಿರುಗದಂತೆ ತಡೆಯುವ ವಿಶೇಷ ವಾಷರುಗಳನ್ನು ಬಿಡಬೇಡಿ. ಒಳಗಿನ ಸೂರ್ಯಚಕ್ರ ನಿಂತಿರುವುದೇ ಅಚ್ಚು ತಿರುಗುವುದಿಲ್ಲ ಎಂಬ ನಂಬಿಕೆಯ ಮೇಲೆ. ಕೇಬಲ್ ಹೊಂದಾಣಿಕೆಗೆ ಎಡಬ್ಲ್ಯು ಹಬ್ಬನ್ನು ಎರಡನೆಯ ಗೇರಿನಲ್ಲಿಟ್ಟು, ಬಲಗಡೆಯ ನಟ್ಟಿನ ಕಿಂಡಿಯಲ್ಲಿ ನೋಡಿದಾಗ ಕೇಬಲ್ಲಿನ ತುದಿಯ ಪುಟ್ಟ ಸರಪಳಿಗೆ ಕಟ್ಟಿದ ಕಡ್ಡಿಯ ಭುಜ ಅಚ್ಚಿನ ತುದಿಯ ಸಮಕ್ಕೆ ಬರುವಂತೆ ಮಾಡಬೇಕು. ನೆಕ್ಸಸ್ ಎಂಟರಲ್ಲಿ ನಾಲ್ಕನೆಯ ಗೇರಿಗೆ ಹಾಕಿ ಎರಡು ಹಳದಿ ಗೆರೆಗಳನ್ನು ಒಂದೇ ಸಾಲಿಗೆ ತರಬೇಕು. ಇದನ್ನು ಉಡಾಫೆ ಮಾಡಬೇಡಿ. ಹಳೆಯ ಎಡಬ್ಲ್ಯು ಹಬ್ಬಿನಲ್ಲಿ ಎರಡು ಮತ್ತು ಮೂರನೆಯ ಗೇರಿನ ನಡುವೆ ಯಾವುದಕ್ಕೂ ಕಚ್ಚದ ಒಂದು ಸ್ಥಾನವಿದೆ. ಕೇಬಲ್ಲು ಎಳೆದುಕೊಂಡಿದ್ದನ್ನು ಗಮನಿಸದೆ ಎದ್ದು ನಿಂತು ತುಳಿದ ಒಂದು ಸಂಜೆ, ಪೆಡಲು ಗಾಳಿಯಲ್ಲಿ ತಿರುಗಿದಂತೆ ಸರ್ರನೆ ಜಾರಿ, ನನ್ನ ಎದೆ ಹ್ಯಾಂಡಲ್ಲಿಗೆ ಬಡಿದಿತ್ತು.

ಏಳನೆಯ ಹೆಜ್ಜೆ: ಮೊದಲ ತಿಂಗಳ ತಿದ್ದುಪಡಿ

ಹೊಸ ಕೇಬಲ್ಲು ಮೊದಲ ಕೆಲವು ಸವಾರಿಗಳಲ್ಲೇ ಸ್ವಲ್ಪ ಸಡಿಲವಾಗುತ್ತದೆ. ಒಂದು ವಾರದ ನಂತರ ಮೇಲಿನ ಹೊಂದಾಣಿಕೆಯನ್ನು ಮತ್ತೆ ಮಾಡಿ. ಚಕ್ರದ ನಟ್ಟುಗಳನ್ನೂ ಆಗಲೇ ಇನ್ನೊಮ್ಮೆ ಬಿಗಿಮಾಡಿ. ಗೇರು ಭಾರವೆನ್ನಿಸಿದರೆ ಮೊದಲು ಸ್ಪ್ರಾಕೆಟ್ಟನ್ನು ಬದಲಿಸಿ, ಚೈನ್‌ವೀಲನ್ನಲ್ಲ. ಹಿಂದೆ ಒಂದು ಹಲ್ಲು ಹೆಚ್ಚಿಸುವುದು ಮುಂದೆ ಎರಡು ಮೂರು ಹಲ್ಲು ಕಡಿಮೆ ಮಾಡಿದ್ದಕ್ಕೆ ಸಮ, ಬೆಲೆಯೂ ಬಹಳ ಕಡಿಮೆ. ಒಂದೊಂದೇ ಹಲ್ಲು ಬದಲಿಸಿ, ಪ್ರತಿ ಬದಲಾವಣೆಗೂ ಕನಿಷ್ಠ ಹತ್ತು ದಿನದ ಓಡಾಟ ಕೊಡಿ.

ಚೈನಿನ ಸವೆತವನ್ನು ಅಳೆಯಲು ಚಿಕ್ಕ ಅಳತೆಪಟ್ಟಿ ಸಿಗುತ್ತದೆ. ಡಿರೈಲರಿನ ತೆಳು ಚೈನುಗಳನ್ನು ಶೇಕಡ 0.5ರಷ್ಟು ಉದ್ದವಾದಾಗಲೇ ಬದಲಿಸಿದರೆ ದುಬಾರಿ ಕ್ಯಾಸೆಟ್ ಉಳಿಯುತ್ತದೆ. ಒಂದೇ ಗೇರಿನ ದಪ್ಪ ಚೈನನ್ನು ಇನ್ನೂ ಸ್ವಲ್ಪ ಕಾಲ ಓಡಿಸಬಹುದು. ಹಬ್ಬಿನಲ್ಲಿ ಎಣ್ಣೆ ಹಾಕುವ ರಂಧ್ರವಿರುವ ಹಳೆಯ ಮಾದರಿಯಾದರೆ ತಿಂಗಳಿಗೊಮ್ಮೆ ತೆಳು ಯಂತ್ರದೆಣ್ಣೆಯ ಕೆಲವು ಹನಿ ಬಿಡಿ. ಹಬ್‌ಗೇರ್ ಆರಿಸಿಕೊಂಡಿದ್ದರೆ, ಮನೆಯಲ್ಲಿ ಬಿಡುವಿರುವ ಒಂದು ದಿನ ಹಿಂದಿನ ಚಕ್ರವನ್ನು ಬಿಚ್ಚಿ, ಕೇಬಲ್ ಕಳಚಿ, ಮತ್ತೆ ಜೋಡಿಸುವುದನ್ನು ಎರಡು ಸಲ ಮಾಡಿ ನೋಡಿ, ಮತ್ತು ನಟ್ಟಿನ ಅಳತೆಗೆ ತಕ್ಕ ಸ್ಪ್ಯಾನರನ್ನು, ಸಾಮಾನ್ಯವಾಗಿ 15 ಮಿಲಿಮೀಟರಿನದು, ಅದೇ ದಿನ ಸೀಟಿನ ಕೆಳಗಿನ ಚೀಲಕ್ಕೆ ಹಾಕಿಡಿ.